ಪ್ರಾಮಾಣ್ಯ (ತಿಳಿವಿನ ನಿಜತನ) 'ಸ್ವತಃ' (ತನ್ನಿಂದಲೇ) ಅಂದರೆ ಏನು? ಪರೀಕ್ಷೆ ಮಾಡುತ್ತಾ ಹೋದರೆ ಎಲ್ಲಿ ನಿಲ್ಲಬೇಕು?

ಅರ್ಧಂಬರ್ಧ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಮೆ ಅಂದರೆ 'ಯಥಾರ್ಥಾನುಭವ' ಎಂದು ನ್ಯಾಯಶಾಸ್ತ್ರ (ತರ್ಕವನ್ನು ಮುಖ್ಯವಾಗಿ ಹಿಡಿದ ಭಾರತೀಯ ದರ್ಶನ) ಹೇಳುತ್ತದೆ. ವಸ್ತು ಹೇಗಿದೆಯೋ ಹಾಗೆ ತಿಳಿದರೆ ಅದು ನಿಜವಾದ ತಿಳಿವು, ಸರಿ. ಸ್ವಲ್ಪ ಮುಂದೆ ಹೋದರೆ ಅದೇ ನೈಯಾಯಿಕರು (ನ್ಯಾಯದರ್ಶನದವರು), ತಿಳಿವು ನಿಜವೋ ಹುಸಿಯೋ ಗೊತ್ತಾಗುವುದು ಕೆಲಸ ಫಲಿಸಿದ ಮೇಲೆ ಅನ್ನುತ್ತಾರೆ. ದೂರದಲ್ಲಿ ನೀರು ಕಂಡಿತು, ಹೋದ, ಕುಡಿದ, ಬಾಯಾರಿಕೆ ಹೋಯಿತು, ಹಾಗಾಗಿ ಮೊದಲು ಕಂಡದ್ದು ನಿಜ.

ನನ್ನ ತೊಡಕು ಮೂರು. ಈ ಎರಡರಲ್ಲಿ ಸತ್ಯ ಅನ್ನುವುದು ಯಾವುದು, ವಸ್ತುವಿನಂತೆ ಇರುವುದೋ, ಕೆಲಸಕ್ಕೆ ಬರುವುದೋ? ಎರಡನೆಯದು, 'ಬಾಯಾರಿಕೆ ಹೋಯಿತು' ಅನ್ನುವುದೂ ಒಂದು ತಿಳಿವೇ ತಾನೇ, ಅದು ನಿಜ ಎಂದು ಹೇಳಲು ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ಈ ಮುಗಿಯದ ಸರಪಳಿ, ಅಂದರೆ ಅನವಸ್ಥೆ, ತಪ್ಪಿಸುವುದು ಹೇಗೆ? ಮೂರನೆಯದು, ಮೀಮಾಂಸಕರು (ವೇದವಾಕ್ಯಗಳ ವಿಚಾರ ಮಾಡುವ ದರ್ಶನದವರು) ಪ್ರಾಮಾಣ್ಯ ಸ್ವತಃ ಅಂದಾಗ, ಹುಟ್ಟಿದ ತಿಳಿವೆಲ್ಲ ನಿಜ ಎಂದ ಹಾಗಾಗಲಿಲ್ಲವೇ? ಹಗ್ಗದಲ್ಲಿ ಹಾವು ಕಾಣುವುದನ್ನು ಆಗ ಏನೆನ್ನುತ್ತಾರೆ?

ಯಾವ ದರ್ಶನ ಯಾವ ಪಕ್ಷ ಎಂಬ ಪಟ್ಟಿ ಬಾಯಿಪಾಠ ಇದೆ. ಅದು ಬೇಡ. ಒಳಗೆ ವಾದ ಹೇಗೆ ಓಡುತ್ತದೆ ಅನ್ನುವುದು ಬೇಕು.

ಅವಚ್ಛೇದಕ:

ಎರಡು ಪ್ರಶ್ನೆಗಳನ್ನು ಒಂದೇ ಗೂಟಕ್ಕೆ ಕಟ್ಟಿದ್ದೀರಿ, ಗೊಂದಲ ಅಲ್ಲಿಂದಲೇ ಶುರು. ಹಲಸಿನ ಹಣ್ಣನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೇವೆ. ಬರುವ ಬೊದ್ದು ಸದ್ದು ಹಣ್ಣಾಗಿರುವುದರ ಗುರುತು. ಆ ಸದ್ದೇ ಹಣ್ಣಾಗುವಿಕೆ ಅಲ್ಲ. ಯಥಾರ್ಥತ್ವ ಎಂಬುದು ಪ್ರಮೆಯ ಲಕ್ಷಣ, ಪ್ರವೃತ್ತಿ (ತಿಳಿದದ್ದನ್ನು ನಂಬಿ ಹೊರಡುವುದು) ಫಲಿಸುವುದು ಆ ಲಕ್ಷಣ ಇಲ್ಲಿದೆ ಎಂದು ಊಹಿಸಲು ಸಿಗುವ ಲಿಂಗ, ಅಂದರೆ ಗುರುತು. ನೈಯಾಯಿಕ ಇವೆರಡನ್ನು ಎಂದೂ ಒಂದು ಮಾಡಲಿಲ್ಲ. 'ಕೆಲಸಕ್ಕೆ ಬಂದದ್ದೇ ಸತ್ಯ' ಎಂದು ಅವನ ಬಾಯಲ್ಲಿ ಹೇಳಿಸುವ ಉಪನ್ಯಾಸಗಳು ಬೇಕಾದಷ್ಟಿವೆ, ನಂಬಬೇಡಿ.

ಮೊದಲು ಲಕ್ಷಣ. ನ್ಯಾಯದ ಕೈಪಿಡಿ ತರ್ಕಸಂಗ್ರಹದಲ್ಲಿ 'ತದ್ವತಿ ತತ್ಪ್ರಕಾರಕೋಽನುಭವಃ' ಎಂದಿದೆ. ಒಂದು ವಿಶಿಷ್ಟಜ್ಞಾನವನ್ನು ಬಿಚ್ಚಿದರೆ ಮೂರು ಸಿಗುತ್ತವೆ: ಯಾವುದರ ಬಗ್ಗೆ ತಿಳಿಯಿತೋ ಅದು ವಿಶೇಷ್ಯ, ಏನೆಂದು ತಿಳಿಯಿತೋ ಅದು ಪ್ರಕಾರ, ಇವೆರಡನ್ನು ಜೋಡಿಸುವುದು ಸಂಸರ್ಗ. ಮರಳಲ್ಲಿ ಬಿದ್ದ ಕಪ್ಪೆಚಿಪ್ಪನ್ನು ನೋಡಿ 'ಇದು ಬೆಳ್ಳಿ' ಎಂದುಕೊಂಡರೆ, ಎದುರಿಗಿರುವ ಆ ವಸ್ತು ವಿಶೇಷ್ಯ, ಬೆಳ್ಳಿತನ ಪ್ರಕಾರ, ಸಮವಾಯ (ಬಿಡಿಸಲಾಗದ ಸಂಬಂಧ) ಸಂಸರ್ಗ. ಬೆಳ್ಳಿತನ ಯಾವುದರಲ್ಲಿ ನಿಜವಾಗಿ ಇದೆಯೋ ಅದನ್ನು ಕುರಿತು ಬೆಳ್ಳಿತನ ತೋರಿದರೆ ಪ್ರಮೆ, ಇಲ್ಲದ್ದನ್ನು ಕುರಿತು ತೋರಿದರೆ ಅಪ್ರಮೆ. ಗಮನಿಸಿ, ಈ ಮೂರರಲ್ಲಿ ಯಾವುದೂ ತಲೆಯೊಳಗಿನ ಚಿತ್ರ ಅಲ್ಲ. ಬೆಳ್ಳಿಯೂ ಹೊರಗಿನದು, ಬೆಳ್ಳಿತನವೂ ಹೊರಗಿನದು, ಇನ್ನೆಲ್ಲೋ ಅಂಗಡಿಯಲ್ಲಿ ಕಂಡದ್ದು. ತಪ್ಪಾದದ್ದು ಜೋಡಣೆ ಮಾತ್ರ. ಆದ್ದರಿಂದಲೇ ಆ ಭ್ರಮೆಯಲ್ಲೂ 'ಇದು' ಅನ್ನುವ ಭಾಗ ಪ್ರಮೆಯೇ. ಧರ್ಮಿಯ (ಗುಣವನ್ನು ಹೊತ್ತ ವಸ್ತುವಿನ) ಅಂಶದಲ್ಲಿ ಯಾವ ತಿಳಿವೂ ತಪ್ಪಲ್ಲ, ಎಡವುವುದು ಪ್ರಕಾರದಲ್ಲಿ ಎಂಬುದು ಅವರ ನಿಲುವು. ಸತ್ಯ ಸುಳ್ಳು ಎರಡೂ ಒಂದೇ ತಿಳಿವಿನೊಳಗೆ ಭಾಗಭಾಗವಾಗಿ ಕೂರಬಹುದು.

ಇಲ್ಲೊಂದು ತಂತಿ ಸಡಿಲ ಇದೆ, ಅದನ್ನು ನೋಡಿದರೆ ಲಕ್ಷಣದ ನಿಜವಾದ ಬಿಗಿ ಗೊತ್ತಾಗುತ್ತದೆ. ಮೇಜಿನ ಮೇಲೆ ಎಡಕ್ಕೆ ತವರದ ತುಂಡು, ಬಲಕ್ಕೆ ಬೆಳ್ಳಿಯ ತುಂಡು ಇಡಿ. ನೋಡಿದವನು ಎಡದ್ದು ಬೆಳ್ಳಿ, ಬಲದ್ದು ತವರ ಎಂದು ಒಂದೇ ನೋಟದಲ್ಲಿ ಅದಲು ಬದಲಾಗಿ ತಿಳಿದ. ಪೂರ್ತಿ ತಪ್ಪು. ಆದರೆ ಲಕ್ಷಣವನ್ನು ಒರಟಾಗಿ ಹಚ್ಚಿದರೆ ಪಾಸಾಗಿಬಿಡುತ್ತದೆ! ಆ ತಿಳಿವಿನಲ್ಲಿ ಬೆಳ್ಳಿತನ ಪ್ರಕಾರವಾಗಿದೆ, ಬೆಳ್ಳಿ ವಿಶೇಷ್ಯವೂ ಆಗಿದೆ. ತವರತನ ಪ್ರಕಾರವಾಗಿದೆ, ತವರ ವಿಶೇಷ್ಯವೂ ಆಗಿದೆ. ಬೇಕಾದ ನಾಲ್ಕೂ ಹಾಜರು. ಅದಕ್ಕೇ ನವ್ಯರು (ನವ್ಯನ್ಯಾಯದವರು) ಬಿಗಿ ಮಾಡಿದರು: ಬೆಳ್ಳಿ ವಿಶೇಷ್ಯವಾಗಿರಬೇಕು, ಬೆಳ್ಳಿತನ ಪ್ರಕಾರವಾಗಿರಬೇಕು ಅಷ್ಟೇ ಸಾಲದು, ಆ ಪ್ರಕಾರತೆ ಆ ವಿಶೇಷ್ಯತೆಯಿಂದಲೇ ಅವಚ್ಛಿನ್ನವಾಗಿರಬೇಕು (ಅದಕ್ಕೇ ಸೀಮಿತವಾಗಿರಬೇಕು). ಯಾವ ಗುಣ ಯಾವ ವಸ್ತುವಿಗೆ ಅಂಟಿಕೊಂಡು ತೋರಿತು ಅನ್ನುವ ಲೆಕ್ಕ. ಅವಚ್ಛೇದಕದ ಭಾಷೆ ಸುಮ್ಮನೆ ಕಗ್ಗ ಅನ್ನುವವರಿಗೆ ಈ ತವರ ಬೆಳ್ಳಿ ಮೊದಲು ತೋರಿಸಬೇಕು.

ಇನ್ನು ಗುರುತಿನ ವಿಷಯ. ತಿಳಿವು ಹುಟ್ಟುತ್ತದೆ ('ಇದು ನೀರು'). ಮರುಕ್ಷಣ 'ನನಗೆ ನೀರೆಂದು ತಿಳಿಯಿತು' ಎಂಬ ಅನುವ್ಯವಸಾಯ ಬರುತ್ತದೆ. ಇದು ತಿಳಿವನ್ನು ಹಿಡಿಯಿತು, ಅದರ ನಿಜತನವನ್ನು ಹಿಡಿಯಲಿಲ್ಲ. ಆಮೇಲೆ ಪ್ರವೃತ್ತಿ, ಆಮೇಲೆ ಫಲ. ಆಗ ಅನುಮಾನ (ಗುರುತಿನಿಂದ ಊಹಿಸುವುದು): 'ಈ ಜ್ಞಾನ ಪ್ರಮೆ, ಸಫಲಪ್ರವೃತ್ತಿಯನ್ನು ಹುಟ್ಟಿಸಿದ್ದರಿಂದ, ಯಾವುದು ಪ್ರಮೆಯಲ್ಲವೋ ಅದು ಸಫಲಪ್ರವೃತ್ತಿಯನ್ನು ಹುಟ್ಟಿಸುವುದಿಲ್ಲ, ಅಪ್ರಮೆಯ ಹಾಗೆ.' ವ್ಯತಿರೇಕಿ (ಇಲ್ಲದಿರುವ ಕಡೆ ತೋರಿಸಿ ಸಾಧಿಸುವ) ಅನುಮಾನ ಯಾಕೆಂದರೆ, ಒಂದನ್ನೂ ಇನ್ನೂ ಪ್ರಮೆ ಎಂದು ಗೊತ್ತುಮಾಡಿಕೊಳ್ಳದ ಹಂತದಲ್ಲಿ ಅನ್ವಯದೃಷ್ಟಾಂತ (ಎರಡೂ ಇರುವ ಉದಾಹರಣೆ) ಸಿಗುವುದಿಲ್ಲ. ಒಮ್ಮೆ ಕೆಲವು ಸಿಕ್ಕವು ಅಂದರೆ ಮುಂದೆ ಪ್ರತಿ ಸಲ ಕುಡಿದೇ ನೋಡಬೇಕಿಲ್ಲ. ದಿನಾ ಸೇದುವ ಬಾವಿಯ ನೀರಿನ ವಿಷಯದಲ್ಲಿ 'ಇದೂ ಆ ಜಾತಿಯದೇ' ಎಂಬ ತಜ್ಜಾತೀಯತ್ವ ಸಾಕು. ಹೊಸ ಜಾಗದಲ್ಲಿ ಮಾತ್ರ ಫಲದವರೆಗೆ ಕಾಯುವುದು.

ಕೆಲವರು ಇಲ್ಲಿ ಚಕ್ರಕ ದೋಷ ಹೇಳುತ್ತಾರೆ: ನಿಜ ಎಂದು ಗೊತ್ತಾಗದೆ ಪ್ರವೃತ್ತಿ ಇಲ್ಲ, ಪ್ರವೃತ್ತಿ ಇಲ್ಲದೆ ಗೊತ್ತಾಗುವುದಿಲ್ಲ ಎಂದು. ಸಂದೇಹ ಇದ್ದರೂ ಮನುಷ್ಯ ಹೊರಡುತ್ತಾನೆ, ಅಷ್ಟೇ ಉತ್ತರ. ಮಳೆ ಬರುತ್ತದೆಂದು ಖಾತ್ರಿಯಾದ ಮೇಲೆ ಬಿತ್ತುವ ರೈತ ಯಾರಿದ್ದಾನೆ?

ನಿಮ್ಮ ಅನವಸ್ಥೆಗೆ 9ನೇ ಶತಮಾನದ ಕಾಶ್ಮೀರದ ನೈಯಾಯಿಕ ಜಯಂತ ಭಟ್ಟ ಕೊಟ್ಟ ಉತ್ತರ ಬಲು ನೇರ. ಫಲದ ತಿಳಿವನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ, ಯಾಕೆಂದರೆ ಬೇಕಾದ್ದು ಆಗಲೇ ಕೈಗೆ ಬಂದಿದೆ. ಬಾಯಾರಿಕೆ ಹೋದವನಿಗೆ 'ಹೋಯಿತೇ' ಎಂದು ಕೇಳಿಕೊಳ್ಳುವ ಕಾರಣವಿಲ್ಲ. ಇದಕ್ಕಿಂತ ದೊಡ್ಡ ರಿಯಾಯಿತಿ ನ್ಯಾಯದ ಟೀಕಾಕಾರ ವಾಚಸ್ಪತಿ ಮಿಶ್ರರದು: ದೋಷವಿಲ್ಲದ ಅನುಮಾನದ ಪ್ರಾಮಾಣ್ಯ ಸ್ವತಃ ಎಂದೇ ಒಪ್ಪಿಬಿಟ್ಟರು. ಪರತಃಪ್ರಾಮಾಣ್ಯದ (ನಿಜತನ ಬೇರೆಯದರಿಂದ ಎಂಬ ಪಕ್ಷದ) ಕೋಟೆಯಲ್ಲಿ ಇದೊಂದು ದಿಡ್ಡಿ ಬಾಗಿಲು, ಮೀಮಾಂಸಕರು ಅದರಲ್ಲೇ ನುಗ್ಗುತ್ತಾರೆ. ಅವರ ಪರವಾಗಿ ಯಾರಾದರೂ ಬರೆಯಲಿ.

ಮೂರನೇದಾರಿ:

ನುಗ್ಗುತ್ತೇನೆ ಬಿಡಿ.

'ಸ್ವತಃ' ಎಂಬ ಮಾತನ್ನು 'ಸ್ವಯಂಸಿದ್ಧ' ಎಂದು ಅನುವಾದಿಸಿದ ಕೂಡಲೇ ಪ್ರಶ್ನೆಯಲ್ಲಿರುವ ಮೂರನೇ ತೊಡಕು ಹುಟ್ಟುತ್ತದೆ. ಹಾಗಲ್ಲ ಅದು. ಹುಟ್ಟಿನ ವಿಷಯದಲ್ಲಿ ಸ್ವತಃ ಅಂದರೆ, ತಿಳಿವನ್ನು ಹುಟ್ಟಿಸುವ ಸಾಮಗ್ರಿ (ಕಾರಣಗಳ ಗುಂಪು) ಯಾವುದೋ ಅದೇ ನಿಜತನವನ್ನೂ ಹುಟ್ಟಿಸುತ್ತದೆ, 'ಗುಣ' ಎಂಬ ಹೆಚ್ಚಿನ ಕಾರಣ ಬೇಡ. ಅರಿವಿನ ವಿಷಯದಲ್ಲಿ ಸ್ವತಃ ಅಂದರೆ, ಆ ತಿಳಿವನ್ನು ಹಿಡಿಯುವುದು ಯಾವುದೋ ಅದೇ ಅದರ ನಿಜತನವನ್ನೂ ಹಿಡಿಯುತ್ತದೆ. ಎರಡನೆಯದನ್ನು 14ನೇ ಶತಮಾನದಲ್ಲಿ ಮಿಥಿಲೆಯ ನೈಯಾಯಿಕ ಗಂಗೇಶ ಚರ್ಚೆಗೆ ಇಟ್ಟ ಸೂತ್ರ ಉದ್ದವಾಗಿದೆ: 'ತದಪ್ರಾಮಾಣ್ಯಾಗ್ರಾಹಕ ಯಾವಜ್ಜ್ಞಾನಗ್ರಾಹಕಸಾಮಗ್ರೀಗ್ರಾಹ್ಯತ್ವ'. ಅಂದರೆ, ಅದರ ಅಪ್ರಾಮಾಣ್ಯವನ್ನು ಹಿಡಿಯದ, ಆ ತಿಳಿವನ್ನು ಹಿಡಿಯುವ ಎಲ್ಲ ಸಾಮಗ್ರಿಯಿಂದಲೂ ನಿಜತನ ಹಿಡಿಯಲ್ಪಡುವುದು. ಪ್ರತಿ ಪದಕ್ಕೂ ಕೆಲಸ ಇದೆ. 'ಯಾವತ್' (ಎಲ್ಲ) ತೆಗೆದರೆ, ತಿಳಿವನ್ನು ಹಿಡಿಯುವ ಯಾವುದೋ ಒಂದು ಸಾಮಗ್ರಿಯಿಂದ ನಿಜತನ ಗೊತ್ತಾದರೆ ಸಾಕು ಎಂದಾಗುತ್ತದೆ. ನೈಯಾಯಿಕನ ಅನುಮಾನವೂ ಅಂಥದ್ದೇ, ಅವನು 'ಇದನ್ನೇ ನಾನೂ ಹೇಳಿದ್ದು' ಎಂದು ನಗುತ್ತಾ ಎದ್ದು ಹೋಗುತ್ತಾನೆ, ಜಗಳವೇ ಉಳಿಯುವುದಿಲ್ಲ. 'ಅದರ ಅಪ್ರಾಮಾಣ್ಯವನ್ನು ಹಿಡಿಯದ' ಎಂಬ ಭಾಗ ತೆಗೆದರೆ, 'ಆ ತಿಳಿವು ತಪ್ಪು' ಎಂದು ಹೇಳುವ ತಿಳಿವು ಕೂಡ ಅದನ್ನು ನಿಜವೆಂದು ಹಿಡಿಯಬೇಕಾಗಿ ಬಂದು ಅಸಂಬದ್ಧವಾಗುತ್ತದೆ.

ತಿಳಿವನ್ನು ಹಿಡಿಯುವುದು ಯಾವುದು ಅನ್ನುವಲ್ಲಿ ಮೀಮಾಂಸಕರೊಳಗೇ ಮೂರು ದಾರಿ. ಪ್ರಭಾಕರರಿಗೆ ತಿಳಿವು ತನ್ನನ್ನು ತಾನೇ ಬೆಳಗುತ್ತದೆ, ಜೊತೆಗೆ ವಸ್ತುವನ್ನೂ ತಿಳಿಯುವವನನ್ನೂ. ಭಾಟ್ಟರಿಗೆ (ಕುಮಾರಿಲ ಭಟ್ಟರ ಕಡೆಯವರಿಗೆ) ತಿಳಿವು ಕಾಣುವ ವಸ್ತುವಲ್ಲ. ತಿಳಿದ ವಸ್ತುವಿನಲ್ಲಿ 'ಜ್ಞಾತತೆ' ಎಂಬುದು ಹುಟ್ಟುತ್ತದೆ, ಅದರಿಂದ ತಿಳಿವನ್ನು ಊಹಿಸಬೇಕು. ಮುರಾರಿ ಮಿಶ್ರನಿಗೆ ನೈಯಾಯಿಕನ ಅನುವ್ಯವಸಾಯವೇ ಸಾಕು, ಆದರೆ ಅದು ನಿಜತನವನ್ನೂ ಹಿಡಿಯುತ್ತದೆ. 'ಮುರಾರೇಸ್ತೃತೀಯಃ ಪಂಥಾಃ' (ಮುರಾರಿಯದು ಮೂರನೇ ದಾರಿ) ಎಂಬ ಗಾದೆಯೇ ಇದೆ.

ಈಗ ವಾದ. ಕುಮಾರಿಲ ಭಟ್ಟರದ್ದು ಒಂದೇ ಏಟು: 'ಸ್ವತಃ ಸರ್ವಪ್ರಮಾಣಾನಾಂ ಪ್ರಾಮಾಣ್ಯಮಿತಿ ಗೃಹ್ಯತಾಂ, ನ ಹಿ ಸ್ವತೋಽಸತೀ ಶಕ್ತಿಃ ಕರ್ತುಮನ್ಯೇನ ಶಕ್ಯತೇ'. ತನ್ನಲ್ಲಿಲ್ಲದ ಶಕ್ತಿಯನ್ನು ಇನ್ನೊಬ್ಬರು ತುಂಬಲಾಗದು. ವಸ್ತುವನ್ನು ಗೊತ್ತುಮಾಡುವ ಶಕ್ತಿ ಮೊದಲ ತಿಳಿವಿಗೆ ಇಲ್ಲದಿದ್ದರೆ ಎರಡನೆಯದಕ್ಕೆ ಎಲ್ಲಿಂದ ಬಂತು? ಅದೂ ತಿಳಿವೇ, ಅದೇ ಕುಲ. ಎರಡನೆಯದಕ್ಕೆ ಇದೆ ಅಂದರೆ ಮೊದಲನೆಯದು ಮಾಡಿದ ಪಾಪವೇನು? ಮಡಕೆಯ ಉದಾಹರಣೆ ಈ ಸಂಪ್ರದಾಯದಲ್ಲಿ ಬರುತ್ತದೆ. ಮಡಕೆ ಹುಟ್ಟಲು ಮಣ್ಣು, ಕೋಲು, ತಿಗರಿ ಬೇಕು. ಹುಟ್ಟಿದ ಮೇಲೆ ನೀರು ತರಲು ತಿಗರಿ ಜೊತೆಗೆ ಬರಬೇಕೇ? ತಿಳಿವೂ ಹುಟ್ಟಲು ಕಣ್ಣು ಬೆಳಕು ಬೇಡುತ್ತದೆ, ವಸ್ತುವನ್ನು ತೋರಿಸಲು ಬೇರೆ ಯಾರನ್ನೂ ಬೇಡುವುದಿಲ್ಲ.

ಹಾಗಾದರೆ ಹಗ್ಗದ ಹಾವು? ಅದೂ ಹುಟ್ಟಿದಾಗ ನಿಜವೆಂದೇ ನಿಲ್ಲುತ್ತದೆ. ನೋಡಿದವನು ಹಾರಿ ಬೀಳುವುದೇ ಅದಕ್ಕೆ ಸಾಕ್ಷಿ. ಪ್ರಮಾಣಪತ್ರ ಬರಲಿ ಎಂದು ಕಾಯುವುದಿಲ್ಲ. ಆಮೇಲೆ ಎರಡು ಬಗೆಯಲ್ಲಿ ಬೀಳುತ್ತದೆ. ದೀಪ ತಂದಾಗ 'ಇದು ಹಗ್ಗ' ಎಂಬ ನೇರ ವಿರುದ್ಧ ತಿಳಿವು ಬಂದು ಬೀಳುವುದು ಒಂದು. ಕಣ್ಣಿಗೆ ಕಾಮಾಲೆ ಇದೆ, ಬೆಳಕು ಸಾಲದು, ಹೇಳಿದವನು ಸುಳ್ಳ ಎಂದು ಕಾರಣದ ದೋಷ ತಿಳಿದು ಬೀಳುವುದು ಇನ್ನೊಂದು. ಈ ಎರಡು ಬಿಟ್ಟು ಮೂರನೆಯ ಬಗೆ ಇಲ್ಲ. 'ಏನೋ ತಪ್ಪಿರಬಹುದು' ಎಂಬ ಬರೀ ಗುಮಾನಿ ಇದರಲ್ಲಿ ಯಾವುದೂ ಅಲ್ಲ. ಪ್ರಾಮಾಣ್ಯ ಸ್ವತಃ, ಅಪ್ರಾಮಾಣ್ಯ ಪರತಃ ಎಂಬ ಮಾತಿನ ಅರ್ಥ ಇದೇ. ತಪ್ಪು ಎಂದು ತೋರಿಸುವ ಹೊರೆ ತಪ್ಪು ಎನ್ನುವವನ ಮೇಲೆ.

ಅನವಸ್ಥೆಗೂ ಅವರಲ್ಲಿ ಲೆಕ್ಕ ಇದೆ, ಬೆರಳೆಣಿಕೆಯದು. ಮೊದಲ ತಿಳಿವನ್ನು ಎರಡನೆಯದು ಬಾಧಿಸಿತು, ಅಂದರೆ ಸುಳ್ಳೆಂದು ತಳ್ಳಿತು. ಆ ಎರಡನೆಯದರಲ್ಲಿ ದೋಷ ಇದೆ ಎಂದು ಮೂರನೆಯದು ಹೇಳಿದರೆ ಮೊದಲನೆಯದು ಮತ್ತೆ ಎದ್ದು ನಿಲ್ಲುತ್ತದೆ. ಮೂರನೆಯದರಲ್ಲೂ ಹುಳುಕು ಕಂಡರೆ ನಾಲ್ಕನೆಯದು. ಮೂರು ನಾಲ್ಕು ತಿಳಿವುಗಳಾಚೆ ಹುಡುಕಬೇಕಾಗಿ ಬರುವುದಿಲ್ಲ ಎಂದು ಕುಮಾರಿಲರು ಶ್ಲೋಕವಾರ್ತಿಕದಲ್ಲಿ ಸಂಖ್ಯೆಯನ್ನೇ ಹೇಳಿದ್ದಾರೆ. ದೋಷ ಹುಡುಕಿದರೂ ಸಿಗದಿದ್ದರೆ ಅಲ್ಲಿಗೆ ನಿಲ್ಲಿಸು.

ಗಂಗೇಶ ಇದಕ್ಕೆ ಹೊಡೆದ ಏಟೂ ಸಣ್ಣದಲ್ಲ. ತಿಳಿವು ಗೊತ್ತಾದಾಗಲೇ ಅದರ ನಿಜತನವೂ ಗೊತ್ತಾಗಿದ್ದರೆ, ಪರಿಚಯವಿಲ್ಲದ ಜಾಗದಲ್ಲಿ 'ಈಗ ತಿಳಿದದ್ದು ಸರಿಯೋ ತಪ್ಪೋ' ಎಂಬ ಸಂಶಯ ಯಾಕೆ ಬರುತ್ತದೆ? ಗೊತ್ತಾದ ವಿಷಯದಲ್ಲಿ ಸಂಶಯ ಬರಬಾರದು. ಆದರೆ ಬರುತ್ತದೆ. ಮೀಮಾಂಸಕರ ಉತ್ತರ, ಅಂಥ ಕಡೆ ದೋಷದ ಶಂಕೆಯೇ ಅಡ್ಡ ನಿಂತು ಹಿಡಿಯುವ ಸಾಮಗ್ರಿಯನ್ನು ತಡೆಯುತ್ತದೆ ಎಂದು. ಈ ಉತ್ತರ ಪೂರ್ತಿ ಗೆಲ್ಲುತ್ತದೆ ಎಂದು ನಾನು ಹೇಳಲಾರೆ. ತಡೆ ಇಲ್ಲದಿರುವುದೂ ಬೇಕು ಎಂದಾದ ಮೇಲೆ 'ಅದೇ ಸಾಮಗ್ರಿ ಸಾಕು' ಎಂಬ ಹಠ ಸ್ವಲ್ಪ ಸಡಿಲವಾಗಲೇಬೇಕು.

ಐದುಕವಡೆ:

ಅವಚ್ಛೇದಕ ಅವರೇ, ನಿಮ್ಮ ವ್ಯತಿರೇಕಿ ಅನುಮಾನದ ಹೇತು (ಆಧಾರವಾಗಿ ಕೊಟ್ಟ ಕಾರಣ) ಸೋರುತ್ತದೆ. ತಪ್ಪು ತಿಳಿವೂ ಫಲ ಕೊಡಬಹುದು.

ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಪ್ರಸಿದ್ಧ ಉದಾಹರಣೆ: ಕತ್ತಲ ಕೋಣೆಯೊಳಗೆ ಒಂದು ಕಡೆ ಮಣಿ, ಇನ್ನೊಂದು ಕಡೆ ದೀಪ. ಬಾಗಿಲ ಸಂದಿನಿಂದ ಹೊರಗೆ ಬೀಳುವುದು ಬೆಳಕು ಮಾತ್ರ. ಇಬ್ಬರು ಆ ಹೊಳಪನ್ನೇ ಮಣಿ ಎಂದು ತಿಳಿದು ಓಡುತ್ತಾರೆ. ಇಬ್ಬರದೂ ತಪ್ಪು, ಹೊಳಪು ಮಣಿಯಲ್ಲ. ಆದರೆ ಮಣಿಯ ಹೊಳಪಿನ ಕಡೆ ಓಡಿದವನಿಗೆ ಮಣಿ ಸಿಗುತ್ತದೆ, ಇನ್ನೊಬ್ಬ ಕೈ ಸುಟ್ಟುಕೊಳ್ಳುತ್ತಾನೆ. ಇದೇ ಮಾತನ್ನು ಶೃಂಗೇರಿಯ ವಿದ್ಯಾರಣ್ಯರು ಪಂಚದಶಿಯ ಧ್ಯಾನದೀಪದಲ್ಲಿ 'ಸಂವಾದಿ ಭ್ರಮ' ಎಂದು ಎತ್ತಿಕೊಳ್ಳುತ್ತಾರೆ. ಉಪಾಸನೆ ಭ್ರಮೆಯಾದರೂ ಫಲಿಸುವುದನ್ನು ಹೇಳಲು. ಬೌದ್ಧ ಪ್ರಮಾಣಶಾಸ್ತ್ರದ ಮಣಿ ಅದ್ವೈತದ ಜೇಬಿಗೆ ಬಂದದ್ದು ಹೀಗೆ.

ಧರ್ಮಕೀರ್ತಿಯ ವ್ಯಾಖ್ಯಾನಕಾರ ಧರ್ಮೋತ್ತರನದು ಇನ್ನೂ ಮೊನಚು. ಬಿಸಿಲ್ಗುದುರೆಯನ್ನು ನೀರೆಂದು ತಿಳಿದು ಹೋದವನಿಗೆ ಅದೇ ಜಾಗದಲ್ಲಿ ಕಲ್ಲಿನಡಿ ನಿಜವಾದ ನೀರು ಸಿಕ್ಕಿತು. ಪ್ರವೃತ್ತಿ ಸಫಲ. ಕಂಡದ್ದು ಮಾತ್ರ ನೀರಲ್ಲ. ಮಾಂಸ ಸುಡಲು ಆಗ ತಾನೇ ಹಚ್ಚಿದ ಬೆಂಕಿಯ ಮೇಲೆ ಕವಿದ ಹುಳುಗಳ ಹಿಂಡನ್ನು ದೂರದಿಂದ ಹೊಗೆ ಎಂದು ಭ್ರಮಿಸಿ 'ಅಲ್ಲಿ ಬೆಂಕಿ ಇದೆ' ಎಂದು ಊಹಿಸುವವನದೂ ಅದೇ ಕಥೆ. ಹೊಗೆ ಇನ್ನೂ ಎದ್ದಿಲ್ಲ, ಬೆಂಕಿ ಇದೆ.

12ನೇ ಶತಮಾನದ ಅದ್ವೈತಿ ಶ್ರೀಹರ್ಷ ಇದನ್ನು ಲಕ್ಷಣದ ಮೇಲೇ ತಿರುಗಿಸಿದ. ಒಬ್ಬ ಮುಷ್ಟಿ ಮುಚ್ಚಿ 'ಎಷ್ಟು ಕವಡೆ?' ಅನ್ನುತ್ತಾನೆ. ಇನ್ನೊಬ್ಬ ಬಾಯಿಗೆ ಬಂದಂತೆ 'ಐದು' ಅನ್ನುತ್ತಾನೆ. ಬಿಚ್ಚಿದರೆ ಐದೇ. ತದ್ವತಿ ತತ್ಪ್ರಕಾರಕ ಆಯಿತಲ್ಲ, ಇದನ್ನು ಪ್ರಮೆ ಅನ್ನುತ್ತೀರಾ? 1963ರಲ್ಲಿ ಎಡ್ಮಂಡ್ ಗೆಟ್ಟಿಯರ್ ಮೂರು ಪುಟದ ಲೇಖನದಲ್ಲಿ ಎತ್ತಿದ ತೊಂದರೆಗೆ (ಆಧಾರವಿದ್ದು ನಿಜವೂ ಆದ ನಂಬಿಕೆ ತಿಳಿವಾಗದೆ ಹೋಗಬಹುದು ಎಂಬುದಕ್ಕೆ) ಇದು ಹತ್ತಿರದ್ದು, ಆದರೆ ಅದೇ ಅಲ್ಲ. ಗೆಟ್ಟಿಯರ್ ಹೇಳುವವನಿಗೆ ಒಳ್ಳೆಯ ಆಧಾರ ಇರುತ್ತದೆ, ಆಧಾರ ಹುಸಿಯಾಗಿರುತ್ತದೆ. ಕವಡೆಯವನಿಗೆ ಆಧಾರವೇ ಇಲ್ಲ. ಹತ್ತಿರ ಬರುವುದು ಹುಳುಗಳ ಹಿಂಡು. ಎಲ್ಲವನ್ನೂ 'ನಮ್ಮವರು ಮೊದಲೇ ಹೇಳಿದ್ದರು' ಎಂದು ಒಂದೇ ಚೀಲಕ್ಕೆ ತುಂಬುವ ಚಾಳಿ ಬೇಡ.

ಅವಚ್ಛೇದಕ:

ಸೋರುವುದಿಲ್ಲ, ಹೇತುವನ್ನು ಸರಿಯಾಗಿ ಓದಿದರೆ. ಫಲ ಸಿಕ್ಕಿತು ಅನ್ನುವುದು ಹೇತುವಲ್ಲ. ಯಾವ ವಿಶೇಷ್ಯದಲ್ಲಿ ಯಾವ ಪ್ರಕಾರ ತೋರಿತೋ ಆ ವಸ್ತುವನ್ನೇ ಹಿಡಿದು ಹೋದ ಪ್ರವೃತ್ತಿ ಅದೇ ವಸ್ತುವಿನಲ್ಲಿ ಫಲಿಸಿತು ಅನ್ನುವುದು ಹೇತು. ಬಿಸಿಲ್ಗುದುರೆಯಲ್ಲಿ ವಿಶೇಷ್ಯ ಕಾದ ನೆಲದ ಮಿನುಗು, ಫಲ ಬಂದದ್ದು ಕಲ್ಲಿನಡಿಯಿಂದ. ಮಣಿಯಲ್ಲಿ ವಿಶೇಷ್ಯ ಹೊಳಪು, ಸಿಕ್ಕಿದ್ದು ಬೇರೆ ವಸ್ತು. ಎರಡೂ ಹೇತುವಿನಿಂದ ಹೊರಗೆ. ತವರ ಬೆಳ್ಳಿಯಲ್ಲಿ ಹಾಕಿದ ಬಿಗಿಯನ್ನೇ ಇಲ್ಲೂ ಹಾಕಬೇಕು.

ಕವಡೆಯ ವಿಷಯದಲ್ಲಿ ನೀವು ಹೇಳಿದ್ದು ಕುತ್ತುತ್ತದೆ, ಒಪ್ಪಿದೆ. ಬರೀ ಲಕ್ಷಣದ ಪ್ರಕಾರ ಅದು ಹೊರಗೆ ಹೋಗುವುದಿಲ್ಲ. ಆಧಾರದ ವಿಚಾರವನ್ನು ನೈಯಾಯಿಕ ಲಕ್ಷಣದಲ್ಲಿ ಇಡದೆ ಹುಟ್ಟಿನಲ್ಲಿ ಇಟ್ಟಿದ್ದಾನೆ, 'ಗುಣ' ಎಂಬ ಹೆಸರಲ್ಲಿ. ಪ್ರತ್ಯಕ್ಷಕ್ಕೆ ಗುಣ, ಆ ವಿಶೇಷಣ ನಿಜವಾಗಿ ಇರುವ ವಸ್ತುವಿನ ಜೊತೆ ಇಂದ್ರಿಯದ ಸನ್ನಿಕರ್ಷ (ಸಂಪರ್ಕ). ಅನುಮಿತಿಗೆ (ಊಹಿಸಿ ಬಂದ ತಿಳಿವಿಗೆ) ಯಥಾರ್ಥವಾದ ಪರಾಮರ್ಶ, ಅಂದರೆ ಸಾಧ್ಯವನ್ನು ಬಿಟ್ಟಿರದ ಗುರುತು ಇಲ್ಲಿದೆ ಎಂಬ ತಿಳಿವು. ಉಪಮಿತಿಗೆ (ಹೋಲಿಸಿ ಬಂದ ತಿಳಿವಿಗೆ) ಹೋಲಿಕೆಯ ಸರಿಯಾದ ತಿಳಿವು. ಶಬ್ದಕ್ಕೆ ಯೋಗ್ಯತೆಯ (ಪದಗಳ ಅರ್ಥ ಒಂದಕ್ಕೊಂದು ಹೊಂದುವುದರ) ಸರಿಯಾದ ತಿಳಿವು. ದೋಷಗಳ ಪಟ್ಟಿ ಮಾತ್ರ ಹೀಗೆ ಮುಗಿಯುವಂಥದ್ದಲ್ಲ. ನ್ಯಾಯದ ಗ್ರಂಥ ಸಿದ್ಧಾಂತಮುಕ್ತಾವಳಿ ಕೊಡುವ ಮಾದರಿ ನೋಡಿ: ಬಿಳಿಯದು ಹಳದಿ ಕಾಣಲು ಪಿತ್ತ, ಚಂದ್ರ ಚಿಕ್ಕದಾಗಿ ಕಾಣಲು ದೂರ, ಬಿದಿರು ಹಾವಾಗಿ ಕಾಣಲು ಕಣ್ಣಿಗೆ ಹಚ್ಚಿದ ಕಪ್ಪೆಯ ಕೊಬ್ಬಿನ ಅಂಜನ! ಮೂರನೆಯದನ್ನು ಯಾರೂ ಪ್ರಯೋಗ ಮಾಡಬೇಡಿ.

ಅರ್ಧಂಬರ್ಧ:

ತುಂಬಾ ಬಿಡಿಸಿ ಹೇಳಿದ್ದೀರಿ, ಧನ್ಯವಾದ. ಒಂದು ಸಂದೇಹ ಉಳಿಯಿತು. 'ಯಥಾರ್ಥ' ಅಂದರೆ ಪಶ್ಚಿಮದವರ ಕರೆಸ್ಪಾಂಡೆನ್ಸ್ ಥಿಯರಿಯೇ (ವಸ್ತುಸ್ಥಿತಿಗೆ ಹೊಂದುವುದೇ ಸತ್ಯ ಎಂಬ ವಾದ) ಅಲ್ಲವೇ? ತರ್ಕಶಾಸ್ತ್ರಜ್ಞ ಟಾರ್ಸ್ಕಿ ಹೇಳುವುದೂ ಇದೇನಾ? ಹಾಗೆಯೇ ಸ್ವತಃ, ಪರತಃ ಎರಡರ ನಡುವಿನ ದಾರಿ ಯಾರೂ ಹಿಡಿಯಲಿಲ್ಲವೇ?

ತೆಂಕಣಗಾಳಿ:

ಟಾರ್ಸ್ಕಿಯನ್ನು ಮೊದಲು ಮುಗಿಸುತ್ತೇನೆ, ಅದು ಚಿಕ್ಕದು. ನ್ಯಾಯದಲ್ಲಿ ನಿಜ ಅಥವಾ ಹುಸಿ ಆಗುವುದು ಒಬ್ಬನಲ್ಲಿ ಒಂದು ಕ್ಷಣ ಹುಟ್ಟಿ ಅಳಿಯುವ ತಿಳಿವು. ಟಾರ್ಸ್ಕಿಯ 1933ರ ಪ್ರಬಂಧದಲ್ಲಿ ನಿಜ ಆಗುವುದು ಒಂದು ನಿಗದಿತ ಭಾಷೆಯ ವಾಕ್ಯ. 'ಹಿಮ ಬಿಳಿ' ಎಂಬ ವಾಕ್ಯ ಸತ್ಯವಾಗುವುದು ಹಿಮ ಬಿಳಿಯಾಗಿದ್ದರೆ, ಆಗಿದ್ದರೆ ಮಾತ್ರ. ಇದರಲ್ಲೇನಿದೆ ಎಂದು ನಗುವವರು ಉದ್ಧರಣಚಿಹ್ನೆ ಬಿಟ್ಟು ಓದುತ್ತಾರೆ. ಎಡಗಡೆ ಇರುವುದು ವಾಕ್ಯದ ಹೆಸರು, ಬಲಗಡೆ ಇರುವುದು ವಾಕ್ಯದ ಬಳಕೆ. ಎಡಕ್ಕೆ ಬೇರೆ ಭಾಷೆ ಇಟ್ಟರೆ ಸಪ್ಪೆತನ ಹೋಗುತ್ತದೆ: 'ಸ್ನೋ ಈಸ್ ವೈಟ್' ಎಂಬ ಇಂಗ್ಲಿಷ್ ವಾಕ್ಯ ಸತ್ಯವಾಗುವುದು ಹಿಮ ಬಿಳಿಯಾಗಿದ್ದರೆ ಮಾತ್ರ. ಇಲ್ಲಿ ಇಂಗ್ಲಿಷ್ ಮಾತಾಡಲ್ಪಟ್ಟ ಭಾಷೆ, ಕನ್ನಡ ಅದರ ಬಗ್ಗೆ ಮಾತಾಡುವ ಭಾಷೆ. ಈ ಎರಡು ಮಹಡಿಗಳನ್ನು ಬೆರೆಸಿದರೆ 'ಈ ವಾಕ್ಯ ಸುಳ್ಳು' ಎಂಬುದು ತಲೆ ತಿನ್ನುತ್ತದೆ, ಅದಕ್ಕೇ ಬೆರೆಸಬೇಡಿ ಎಂದ. ತಿಳಿವು ಸರಿ ಎಂದು ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆಯ ಹತ್ತಿರ ಅವನು ಸುಳಿಯುವುದೇ ಇಲ್ಲ. ಹಾಗಾಗಿ ಹೋಲಿಕೆ ಲಕ್ಷಣದಲ್ಲಿ ಅರ್ಧ, ಜ್ಞಪ್ತಿಯಲ್ಲಿ (ನಿಜವೆಂದು ಗೊತ್ತಾಗುವ ಬಗೆಯಲ್ಲಿ) ಸೊನ್ನೆ.

ನಡುದಾರಿ ಎರಡಿವೆ. ಜೈನರದು ಸರಳ. ಮಾಣಿಕ್ಯನಂದಿಯ ಪರೀಕ್ಷಾಮುಖದಲ್ಲಿ 'ತತ್ಪ್ರಾಮಾಣ್ಯಂ ಸ್ವತಃ ಪರತಶ್ಚ' ಎಂದೇ ಸೂತ್ರ. ಪಳಗಿದ ವಿಷಯದಲ್ಲಿ ನಿಜತನ ತಾನಾಗಿ ಗೊತ್ತಾಗುತ್ತದೆ, ಪಳಗದ ಕಡೆ ಬೇರೆಯದರಿಂದ. ಹುಟ್ಟು ಮಾತ್ರ ಎರಡೂ ಕಡೆ ಪರತಃ.

ಇನ್ನೊಂದು ಉಡುಪಿಯ ಮಧ್ವಾಚಾರ್ಯರದು. ಹೆಸರಿಗೆ ಸ್ವತಃಪ್ರಾಮಾಣ್ಯವೇ, ಆದರೆ ಹಿಡಿಯುವವನು ಬೇರೆ. ಮನಸ್ಸಿನ ತಿಳಿವನ್ನು ಮನಸ್ಸೇ ಹಿಡಿಯುವುದಿಲ್ಲ, ಸಾಕ್ಷಿ ಹಿಡಿಯುತ್ತದೆ. ಅದು ಆತ್ಮದ ಸ್ವರೂಪದ ಇಂದ್ರಿಯ. ಇದರ ಲಾಭ ಗಂಗೇಶನ ಸಂಶಯದ ಮುಂದೆ ಕಾಣುತ್ತದೆ. ಸಂಶಯ ಮನಸ್ಸಿನ ಕೆಲಸ. ತಿಳಿವನ್ನೂ ನಿಜತನವನ್ನೂ ಹಿಡಿಯುವ ಶಕ್ತಿ ಸಾಕ್ಷಿಗೆ ಸಹಜ, ಸಂಶಯ ಎದ್ದಾಗ ನಿಜತನದ ಭಾಗ ಮಾತ್ರ ತಡೆಯಲ್ಪಡುತ್ತದೆ. ಬೆಂಕಿಗೆ ಸುಡುವ ಶಕ್ತಿ ಸಹಜ, ಪ್ರತಿಬಂಧಕ ಇದ್ದಾಗ ಸುಡುವುದಿಲ್ಲ, ಹಾಗೆ. ಪರೀಕ್ಷೆ ಮಾಡಿದರೆ ಅದು ನಿಜತನವನ್ನು ಕೊಡುವುದಿಲ್ಲ, ಅಡ್ಡವನ್ನು ತೆಗೆಯುತ್ತದೆ, ಅಷ್ಟೇ. ಮೂರನೇದಾರಿ ಅವರು ಹೇಳಿದ ಸಡಿಲ ಇಲ್ಲಿ ಸಾಕಷ್ಟು ಬಿಗಿಯಾಗುತ್ತದೆ ಎಂದು ನನ್ನ ಎಣಿಕೆ. ಹಂಪಿಯ ಕಾಲದ ವ್ಯಾಸತೀರ್ಥರು (ನಿಧನ 1539) ತರ್ಕತಾಂಡವದಲ್ಲಿ ಗಂಗೇಶನ ವಾಕ್ಯಗಳನ್ನೇ ಎದುರಿಗಿಟ್ಟುಕೊಂಡು ಈ ವಾದ ನಡೆಸುತ್ತಾರೆ.

ಅನವಸ್ಥೆ ಸಾಕ್ಷಿಯಲ್ಲಿ ನಿಲ್ಲಬೇಕು, ಯಾಕೆಂದರೆ ಸಾಕ್ಷಿ ತಪ್ಪುವುದಿಲ್ಲ. ಇದು ನಂಬಿಕೆಯ ಮಾತಲ್ಲವೇ ಎಂದು ಕೇಳಬಹುದು. ಮಧ್ವರು ಅನುವ್ಯಾಖ್ಯಾನದಲ್ಲಿ ಕೊಡುವ ಗುರುತು 'ಸುದೃಢೋ ನಿರ್ಣಯೋ ಯತ್ರ', ಅಂದರೆ ಎಲ್ಲಿ ನಿರ್ಣಯ ಅಲುಗದಷ್ಟು ಗಟ್ಟಿಯೋ ಅಲ್ಲಿ. ಬಯಕೆ, ಸುಖ, ದುಃಖ, ಭಯ ಇವುಗಳಲ್ಲಿ ಯಾರಿಗೂ ಎಂದೂ ಸಂಶಯ ಬರುವುದಿಲ್ಲ. ಹಲ್ಲು ನೋಯುತ್ತಿರುವವನಿಗೆ ಯಾವ ಹಲ್ಲು ಎಂಬುದರಲ್ಲಿ ತಪ್ಪಬಹುದು, ನೋಯುತ್ತಿದೆಯೇ ಎಂಬುದರಲ್ಲಿ ತಪ್ಪುವುದಿಲ್ಲ. ಅಲ್ಲೂ ಸಂಶಯ ಒಪ್ಪಿದರೆ ಬಾಧೆ ಎಂಬ ವ್ಯವಹಾರವೇ ನಡೆಯದು, ಬಾಧಿಸಿದ ತಿಳಿವನ್ನಾದರೂ ನಿಜ ಎಂದು ಎಲ್ಲೋ ಹಿಡಿಯಬೇಕಲ್ಲ.

ಇನ್ನೊಂದು ಸಣ್ಣ ವ್ಯತ್ಯಾಸ, ಆದರೆ ದೂರ ಹೋಗುವಂಥದ್ದು. ಮಧ್ವರ ಪರಂಪರೆಯ ಜಯತೀರ್ಥರ ಪ್ರಮಾಣಪದ್ಧತಿಯಲ್ಲಿ ಲಕ್ಷಣ 'ಯಥಾರ್ಥಂ ಪ್ರಮಾಣಂ', ಅಷ್ಟೇ. ನ್ಯಾಯದ 'ಅನುಭವ' ಎಂಬ ಪದ ಇಲ್ಲ. ಅದನ್ನು ನೈಯಾಯಿಕ ಇಟ್ಟಿದ್ದು ನೆನಪನ್ನು ಹೊರಗಿಡಲು. ಇವರು ತೆಗೆದದ್ದು ಒಳಗೆ ಬಿಟ್ಟುಕೊಳ್ಳಲು. ನಿನ್ನೆ ಮಳೆ ಬಂದದ್ದು ಸರಿಯಾಗಿ ನೆನಪಿದ್ದರೆ ಆ ನೆನಪೂ ಪ್ರಮಾಣ. ಮೀಮಾಂಸಕರು ಇನ್ನೊಂದು ತುದಿ: ಮೊದಲೇ ತಿಳಿಯದ್ದನ್ನು ತಿಳಿಸಬೇಕು ಎಂಬ ಷರತ್ತು ಹಾಕಿ ನೆನಪನ್ನು ಹೊರಗಟ್ಟುತ್ತಾರೆ. ಕನ್ನಡದಲ್ಲಿ ನಾವು ಸತ್ಯಕ್ಕೆ 'ನಿಜ' ಅನ್ನುತ್ತೇವೆ, ಸಂಸ್ಕೃತದಲ್ಲಿ ಆ ಪದದ ಅರ್ಥ 'ತನ್ನದು, ಸಹಜವಾದದ್ದು'. ಸ್ವತಃಪ್ರಾಮಾಣ್ಯದವರಿಗೆ ಇದಕ್ಕಿಂತ ಹಿತವಾದ ಪದ ಸಿಗಲಿಕ್ಕಿಲ್ಲ. ಇದು ವಾದವಲ್ಲ, ಸುಮ್ಮನೆ ಹೇಳಿದೆ.

ಮೂರನೇದಾರಿ:

ಸಾಕ್ಷಿಯ ಬಗ್ಗೆ ನನ್ನದೊಂದು ಆಕ್ಷೇಪ ಇದೆ. ಹುಸಿ ತಿಳಿವು ಹುಟ್ಟಿ ಸಂಶಯವೂ ಬಾರದಿದ್ದಾಗ ಸಾಕ್ಷಿ ಏನು ಮಾಡುತ್ತದೆ? ತಡೆ ಇಲ್ಲ, ಹಾಗಾಗಿ ನಿಜ ಎಂದು ಹಿಡಿಯಬೇಕು, ಆಗ ಸಾಕ್ಷಿಯೇ ತಪ್ಪಿತು. ದ್ವೈತಿಗಳು (ಮಧ್ವರ ಕಡೆಯವರು) ಅಲ್ಲಿ ನಿಜತನ ಹಿಡಿದದ್ದು ಮನಸ್ಸು, ಸಾಕ್ಷಿಯಲ್ಲ ಅನ್ನುತ್ತಾರೆ. ಆದರೆ ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಹಿಡಿಯಿತು ಎಂದು ಹೇಳಲು ಮತ್ತೆ ಬಾಧೆ ಬರುತ್ತದೋ ಇಲ್ಲವೋ ಎಂದು ಕಾಯಬೇಕು.

ತೆಂಕಣಗಾಳಿ:

ಆ ಏಟು ಬೀಳುತ್ತದೆ. ಉತ್ತರ ಇಷ್ಟು: ಸಾಕ್ಷಿ ನಿಜತನವನ್ನು ನಿರ್ಣಯಿಸುವುದು ಪರೀಕ್ಷೆ ಮುಗಿದ ಕಡೆ, ಅಥವಾ ಪರೀಕ್ಷೆಗೆ ಎಡೆಯೇ ಇಲ್ಲದ ಸುಖದುಃಖಗಳ ಕಡೆ. ಉಳಿದ ಕಡೆ ಮನುಷ್ಯ ಓಡಾಡುವುದು ಮನಸ್ಸಿನ ಭರವಸೆಯ ಮೇಲೆ. ಹಾಗಾದಾಗ ದಿನನಿತ್ಯದ ಬಹುಪಾಲು ತಿಳಿವುಗಳ ನಿಜತನ ಸಾಕ್ಷಿಯಿಂದ ಇನ್ನೂ ಗೊತ್ತಾಗಿಲ್ಲ ಎಂದು ಒಪ್ಪಬೇಕಾಗುತ್ತದೆ. ಒಪ್ಪಿದರೆ ನಷ್ಟವೇನೂ ಇಲ್ಲ ಅನ್ನುವುದು ನನ್ನ ಮಟ್ಟಿಗೆ ಸರಿ.

ಐದುಕವಡೆ:

ಅರ್ಧಂಬರ್ಧ ಅವರೇ, ನಿಮಗೆ ಬಾಯಿಪಾಠ ಇರುವ ಪಟ್ಟಿ ದರ್ಶನಗಳ ಸಾರ ಹೇಳುವ ಸರ್ವದರ್ಶನಸಂಗ್ರಹದ ಶ್ಲೋಕದ್ದಾದರೆ ಒಂದು ಸಾಲಿನ ಪಕ್ಕ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಸಾಂಖ್ಯರಿಗೆ ಎರಡೂ ಸ್ವತಃ, ನೈಯಾಯಿಕರಿಗೆ ಎರಡೂ ಪರತಃ, ಬೌದ್ಧರಿಗೆ ಅಪ್ರಾಮಾಣ್ಯ ಸ್ವತಃ ಪ್ರಾಮಾಣ್ಯ ಪರತಃ, ವೇದವಾದಿಗಳಿಗೆ ಅದರ ತಿರುಗುಮುರುಗು, ಹೀಗೆ ಚೌಕಾಕಾರವಾಗಿ ನಾಲ್ಕು ಮನೆ ತುಂಬಿವೆ. ಬೌದ್ಧರ ಮನೆಯಲ್ಲಿ ಬರೆದದ್ದನ್ನು 8ನೇ ಶತಮಾನದ ಶಾಂತರಕ್ಷಿತ ತನ್ನದೆಂದು ಒಪ್ಪುವುದಿಲ್ಲ. ತತ್ತ್ವಸಂಗ್ರಹದಲ್ಲಿ ಅವನ ಪಕ್ಷ ಅನಿಯಮ: ಕೆಲವು ತಿಳಿವುಗಳ ಪ್ರಾಮಾಣ್ಯ ಸ್ವತಃ, ಕೆಲವುದರದು ಪರತಃ, ಒಂದೇ ಕಟ್ಟಳೆ ಇಲ್ಲ. ಅಭ್ಯಾಸವಾದ ಪ್ರತ್ಯಕ್ಷ, ಫಲ ಕೈಗೆ ಬಂದ ತಿಳಿವು, ಅನುಮಾನ ಇವು ಮೊದಲ ಗುಂಪು. ಮೇಲೆ ಹೇಳಿದ ವಾಚಸ್ಪತಿ, ಜಯಂತ, ಮಾಣಿಕ್ಯನಂದಿ ಮೂವರ ಮಾತನ್ನೂ ಇದರ ಪಕ್ಕ ಇಟ್ಟು ಓದಿ ನೋಡಿ.